ನವಿಲಿನ ಹೂಜಿ

೧೯೭೯ರ ನವೆಂಬರ್ ೧೪, ಬುಧವಾರ. ಬೆಳಿಗ್ಗೆ ೧೦-೨೦ಕ್ಕೆ ಬಾದಾಮಿ ಠಾಣೆಗೆ ಬಂದ ಮಹಿಳೆಯೊಬ್ಬರು ಸೀರೆಯ ತುಂಡಿನಲ್ಲಿ ಸುತ್ತಿದ್ದ ಮಣ್ಣಿನ ಹೂಜಿಯನ್ನು ಪಿಎಸ್‌ಐ ಅಮಸಿದ್ದಪ್ಪನ ಮೇಜಿನ ಮೇಲಿಟ್ಟರು. ಹೆಸರು ಮಲಿಕಾ. ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ವಾಸ, ಕಾಲೇಜಿನಲ್ಲಿ ಇತಿಹಾಸದ ಉಪನ್ಯಾಸಕಿ. ಹಳೆಯ ಪಿಂಗಾಣಿ ಜಾಡಿ, ಬಣ್ಣದ ಗಾಜಿನ ದೀಪ, ಮಣ್ಣಿನ ಪಾತ್ರೆಗಳನ್ನು ಕೂಡಿಡುವುದು ಅವರ ಹವ್ಯಾಸ. ರವಿವಾರ ಬಂತೆಂದರೆ ಬಾದಾಮಿ ಪೇಟೆಯ ಹಳೇ ವಾಡೆಗೆ ಬರುತ್ತಿದ್ದರು. ಅದರ ಅಂಗಳದ ಸುತ್ತ ಹಳೇ ಸಾಮಾನಿನ ನಾಲ್ಕು ಅಂಗಡಿಗಳಿದ್ದವು.

"ಯಾರ ಅಂಗಡ್ಯಾಗ ತಗೊಂಡ್ರಿ?"

"ದೇವಪ್ಪನ ಹತ್ರ. ಪಟ್ಟದಕಲ್ಲಿನ ಕಡೆ ಹೊಲದಾಗ ಸಿಕ್ಕದ್ದು, ಏಳನೂರು ವರ್ಷದ್ದು ಅಂದ."

"ಸುಳ್ಳಂತ ಹೆಂಗ ಗೊತ್ತಾತು?"

ಮಲಿಕಾ ನವಿಲಿನ ಚಿತ್ರವಿದ್ದ ಹೂಜಿಯನ್ನು ತಿರುಗಿಸಿದರು. ಕುತ್ತಿಗೆಯ ಮೇಲಿನ ಒಣಮಣ್ಣಿನ ಪದರ ಒಂದಿಷ್ಟು ಉದುರಿತ್ತು. ಅದರಡಿ ಬೀಡಿ ಕಟ್ಟಿನ ಕೆಂಪು ಕಾಗದದ ಚೂರು ಅಂಟಿಕೊಂಡಿತ್ತು.

"ಇದನ್ನ ತೋರಸಾಕಂತ ಕಾಲೇಜಿನವರನ್ನ ಚಹಾಕ್ಕ ಕರದಿದ್ದೆ. ಅವರ ಮುಂದನ ಉದುರಿತ್ರಿ. ಎಲ್ಲಾರೂ ನಕ್ರು."

೧೧-೧೫ಕ್ಕೆ ಎಫ್‌ಐಆರ್ ದಾಖಲಾಯಿತು. ವಂಚನೆ, ಕಲಂ ೪೨೦.

ಮಧ್ಯಾಹ್ನ ೧೨ಕ್ಕೆ ಅಮಸಿದ್ದಪ್ಪ, ಕಾನ್‌ಸ್ಟೇಬಲ್ ಹುಲ್ಲಪ್ಪ ವಾಡೆಗೆ ಹೋದರು. ದೇವಪ್ಪನ ಅಂಗಡಿಯಲ್ಲಿ ತೂಗುಹಾಕಿದ್ದ ಗಾಜಿನ ಹಂಡೆದೀಪಗಳ ಕೆಳಗೆ ಅಂಥವೇ ಇನ್ನೂ ಮೂರು ಹೂಜಿಗಳಿದ್ದವು. ಇಬ್ಬರು ಪಂಚರ ಸಮಕ್ಷಮ ಪಂಚನಾಮೆ ಬರೆದು ಜಪ್ತಿ ಮಾಡಿದರು. ದೇವಪ್ಪ ಗಾಬರಿಯಾಗಲಿಲ್ಲ. ಗಲ್ಲಾ ಪೆಟ್ಟಿಗೆಯಿಂದ ಒಂದು ಕಾಗದ ತೆಗೆದುಕೊಟ್ಟ. 'ನನ್ನ ಹೊಲದ ಬಾವಿ ತೋಡುವಾಗ ಸಿಕ್ಕವು' ಎಂಬ ಒಕ್ಕಣೆ, ಕೆಳಗೆ ಮಾಳಪ್ಪ ಕುಂಬಾರನ ಹೆಬ್ಬೆಟ್ಟು.

"ನಾ ನಂಬಿ ತಗೊಂಡೇನ್ರಿ ಸಾಹೇಬ್ರ. ಮೋಸ ಆಗಿದ್ದು ನನಗೂ ಹೌದು."

ಮಾಳಪ್ಪನ ಊರು ಮಲಪ್ರಭೆಯ ದಂಡೆಯಲ್ಲಿ, ಪಟ್ಟದಕಲ್ಲಿನಿಂದ ಮೂರು ಮೈಲಿ. ಜೀಪು ತಲುಪಿದಾಗ ೨-೪೦. ಅವನಿಗೆ ಹೊಲವೂ ಇರಲಿಲ್ಲ, ಬಾವಿಯೂ ಇರಲಿಲ್ಲ. ಹಿತ್ತಲಿನಲ್ಲಿ, ಹೂಜಿ ಹಳೆಯದಾಗಿ ಕಾಣಲೆಂದು ಸಗಣಿ, ಉಪ್ಪು, ಹಸಿಮಣ್ಣು ಕಲಸಿ ತುಂಬಿದ ಒಂದು ತಗ್ಗಿತ್ತು. ಹುಲ್ಲಪ್ಪ ಕೈಹಾಕಿ ಹನ್ನೊಂದು ಹೂಜಿ ಹೊರತೆಗೆದ. ಬದಿಯಲ್ಲಿ ಹರಿದ ಬೀಡಿ ಕಟ್ಟುಗಳು ಬಿದ್ದಿದ್ದವು.

ಮಾಳಪ್ಪನ ಹೆಂಡತಿ ರೇಣವ್ವ ಅಡ್ಡ ನಿಂತಳು. "ಇವ್ರೇನು ಕಳವು ಮಾಡ್ಯಾರೇನ್ರಿ? ಮಣ್ಣು ತಂದವ್ರು ನಾವು, ತಿದ್ದಿ ಸುಟ್ಟವ್ರು ನಾವು."

"ಸುಳ್ಳು ಹೇಳಿ ಮಾರ್‍ಯಾರವ್ವಾ," ಎಂದ ಹುಲ್ಲಪ್ಪ.

ಠಾಣೆಯಲ್ಲಿ ಮಾಳಪ್ಪನ ವಿಚಾರಣೆ ಹೆಚ್ಚು ಹೊತ್ತು ನಡೆಯಲಿಲ್ಲ.

"ಕಾಗದದಾಗ ಬರದದ್ದು ಸುಳ್ಳಂತ ಗೊತ್ತಿತ್ತೇನು?"

"ಗೊತ್ತಿತ್ರಿ. ದೇವಪ್ಪ ಓದಿ ಹೇಳಿದ್ನರಿ."

"ಮತ್ಯಾಕ ಹೆಬ್ಬೆಟ್ಟು ಒತ್ತಿದಿ?"

ಮಾಳಪ್ಪ ಕೈಗಳನ್ನು ನೋಡಿಕೊಂಡ. "ಮದಲ ಇವನ್ನ ಸಂತಿಗೆ ಒಯ್ದಿದ್ದೆರಿ, ಹೊಸಾವಂತ ಹೇಳೇ. ಬಡದು ನೋಡಿ ಹಂಗ ಹೋಗೋರು. ಪ್ಲಾಸ್ಟಿಕ್ ಕೊಡ ಬಂದಾವಲ್ರಿ. ದೇವಪ್ಪನ ಅಂಗಡ್ಯಾಗ ಒಂದಿನ ಮೂಲ್ಯಾಗ ನಿಂತಿದ್ದೆ. ಒಬ್ಬ ಅಕ್ಕಾರು ಬಂದ್ರು. ನನ್ನ ಹೂಜಿ ಎರಡೂ ಕೈಲೆ ಹಿಡಕೊಂಡು ಭಾಳ ಹೊತ್ತು ನೋಡಿದ್ರು. ನಮ್ಮಪ್ಪನ ಕಾಲದಿಂದ ಯಾರೂ ಹಂಗ ನೋಡಿದ್ದಿಲ್ರಿ."

ಬರೆದುಕೊಳ್ಳುತ್ತಿದ್ದ ರೈಟರ್ ತಲೆಯೆತ್ತಿದ. "ಉದ್ದೇಶ ಏನಂತ ಬರೀಲಿ ಸರ್?"

ಅಮಸಿದ್ದಪ್ಪ ಹೆಬ್ಬೆಟ್ಟಿನ ಕಾಗದವನ್ನು ಮಡಚಿ ಫೈಲಿನಲ್ಲಿಟ್ಟ. "ಹಣದ ಆಶೆ ಅಂತ ಬರಿ. ಕೋರ್ಟಿನ್ಯಾಗ ಅದ ನಡಿತೈತಿ."

ಸಂಜೆ ೫-೩೦ಕ್ಕೆ ಜಪ್ತಾದ ಮಾಲು ಗುರುತಿಸಲು ಮಲಿಕಾ ಬಂದರು. ಅವರನ್ನು ಕಂಡದ್ದೇ ಗುರುತು ಹಿಡಿದು ಮಾಳಪ್ಪ ಎದ್ದುನಿಂತ.

"ಅಕ್ಕಾರ, ಅದರ ಮ್ಯಾಲಿನ ನವಿಲು ನಾನ ಬರದದ್ರಿ. ಛಲೋ ಬಂದಿತ್ತಲ್ರಿ?"

ಮಲಿಕಾ ಅವನನ್ನು ನೋಡಿದರು. ಹೂಜಿಯ ಕಡೆ ನೋಡಲಿಲ್ಲ. ಆಮೇಲೆ ಪಿಎಸ್‌ಐ ಕಡೆ ತಿರುಗಿ, "ಸಹಿ ಎಲ್ಲಿ ಮಾಡ್ಬೇಕ್ರಿ?" ಎಂದು ಕೇಳಿದರು.

"ಕೇಸ್ ಮುಗದ ಮ್ಯಾಲೆ ಹೂಜಿ ನಿಮಗ ವಾಪಸ್ ಸಿಗ್ತೈತಿ."

"ಬ್ಯಾಡ್ರಿ."

ಮಾಳಪ್ಪ ಮತ್ತೆ ಕುಳಿತ. ೬-೧೦ಕ್ಕೆ ಅವನ ದಸ್ತಗಿರಿ ದಾಖಲಾಯಿತು. ಕಾಗದದಲ್ಲಿ ಮಾಳಪ್ಪನ ಹೆಬ್ಬೆಟ್ಟು ಮಾತ್ರ ಇದ್ದುದರಿಂದ ದೇವಪ್ಪನನ್ನು ಸಾಕ್ಷಿದಾರನೆಂದು ಬರೆದುಕೊಂಡರು. ಜಾಮೀನು ನಿಲ್ಲುವವರು ಯಾರಾದರೂ ಇದ್ದಾರೆಯೇ ಎಂದು ಹುಲ್ಲಪ್ಪ ಎರಡು ಸಲ ಕೇಳಿದ. ಮಾಳಪ್ಪ ಮೇಜಿನ ಮೇಲಿದ್ದ ಹೂಜಿಯ ನವಿಲನ್ನೇ ನೋಡುತ್ತಿದ್ದ.