ಬೈದರೆ ಉಕ್ಕುವ ಗುಂಬಳದ ಹೆಂಡ

ಬಹಳ ಹಿಂದೆ, ಬೆಟ್ಟಗಳಿಗೆ ಇನ್ನೂ ಯಾರೂ ಹೆಸರಿಟ್ಟಿರದ ಕಾಲದಲ್ಲಿ, ಬಳ್ಳಿಮಂಡಲ ಅಂತ ಒಂದು ರಾಜ್ಯವಿತ್ತು. ಅಲ್ಲಿನ ನೆಲ ಎಂಥದ್ದು ಅಂದರೆ, ಸಿಹಿಗುಂಬಳದ ಬೀಜ ಊರಿ ಕೈ ತೊಳೆಯಲು ಹೋದವನು ವಾಪಸು ಬರುವಷ್ಟರಲ್ಲಿ ಬಳ್ಳಿ ಅವನ ಮನೆ ಹತ್ತಿ, ಆ ಕಡೆ ಇಳಿದು, ಪಕ್ಕದ ಮನೆಯವರ ಹತ್ತಿರ ಜಗಳ ತೆಗೆದಿರುತ್ತಿತ್ತು. ಒಂದು ಕಾಯಿ ಹೊರಲು ಮದುವೆ ದಿಬ್ಬಣದಷ್ಟು ಜನ ಬೇಕು. ತಿರುಳು ತೆಗೆದ ಬುರುಡೆಯಲ್ಲಿ ಹೊಸ ಗಂಡಹೆಂಡಿರು ಸಂಸಾರ ಹೂಡಿದ್ದೂ ಉಂಟು. ಇದರಲ್ಲಿ ಸುಳ್ಳು ಎಳ್ಳಷ್ಟೂ ಇಲ್ಲ. ಇದ್ದರೆ ಕುಂಬಳಕಾಯಿಯಷ್ಟು ಇರಬಹುದು.

ಮಳೆ ಹಿಂದೆ ಸರಿದು, ಚಳಿ ಇನ್ನೂ ಹೊಸ್ತಿಲಾಚೆ ನಿಂತಿರುವಾಗ ಗುಂಬಳ ಹಣ್ಣಾಗುತ್ತಿತ್ತು. ಆಗ ಮನೆಮನೆಯಲ್ಲೂ ಗುಂಬಳದ ಹೆಂಡ ಹಾಕುತ್ತಿದ್ದರು, ವರ್ಷಕ್ಕೊಂದೇ ಸಲ. ಈಗಿನವರು ಬಿಯರು ಅನ್ನುತ್ತಾರಲ್ಲ, ಅದರ ಮುತ್ತಜ್ಜಿ ಅದು.

ಈ ವಿದ್ಯೆಯಲ್ಲಿ ಹೊನ್ನಾಜಿಯನ್ನು ಮೀರಿಸಿದವರಿಲ್ಲ. ಅವಳ ಗುಡಾಣದ ಪರಿಮಳಕ್ಕೆ ಆಕಾಶದ ಕೊಕ್ಕರೆಗಳು ದಾರಿ ತಪ್ಪುತ್ತಿದ್ದವು. ರಾಜನ ಆನೆ ಅವಳ ಬಾಗಿಲ ಮುಂದೆ ಮೊಣಕಾಲೂರಿ ಕೂತುಬಿಡುತ್ತಿತ್ತು. ಭಕ್ತಿಯಿಂದ ಅಂತ ಮಾವುತ ಹೇಳುತ್ತಿದ್ದ. ಅವನೂ ಪಕ್ಕದಲ್ಲೇ ಕೂತಿರುತ್ತಿದ್ದ.

ಬಳ್ಳಿಮಂಡಲದಲ್ಲಿ ಒಂದು ಕಟ್ಟಳೆ ಇತ್ತು. ಗುಡಾಣದೊಳಗೆ ಹೆಂಡ ಹುದುಗುತ್ತಿರುವಾಗ ಅದನ್ನು ಹೊಗಳಕೂಡದು, ಬೈಯಬೇಕು. ಹೊಗಳಿದರೆ ಅದಕ್ಕೆ ಸೊಕ್ಕು ಬಂದು, ಕೆಲಸ ಬಿಟ್ಟು ಕೂರುತ್ತದೆ. ಬೈದರೆ ರೋಷ ಹತ್ತಿ ನೊರೆ ಉಕ್ಕಿಸುತ್ತದೆ. ನೊರೆ ಇಳಿದು ತಿಳಿಯಾದ ಮೇಲೆ ಹೊಗಳಿ, ಬೇಡ ಅಂದವರ್ಯಾರು? ಅದಕ್ಕೇ ಆ ದಿನಗಳಲ್ಲಿ ಊರಿಗೆ ಬಂದ ಪರದೇಶಿಗಳು ಮನೆಮನೆಯ ಬೈಗುಳ ಕೇಳಿ, ಇಲ್ಲಿ ಯುದ್ಧವಾಗುತ್ತಿದೆ ಅಂತ ಬಂದ ದಾರಿಯಲ್ಲೇ ಓಡುತ್ತಿದ್ದರು.

ಹೊನ್ನಾಜಿ ಸಾಕಿ ಬೆಳೆಸಿದ ಅಣ್ಣನ ಮಗ ಒಬ್ಬನಿದ್ದ, ಮುದ್ದಯ್ಯ ಅಂತ. ಕಂಡದ್ದನ್ನೆಲ್ಲ ಹೊಗಳುವ ಬಾಯಿ ಅವನದು. ಹೋದ ವರ್ಷ ಉಕ್ಕುತ್ತಿದ್ದ ಗುಡಾಣದ ಪಕ್ಕ ನಿಂತು, "ಅಬ್ಬಬ್ಬ, ಏನು ಘಮ ಅತ್ತೆ," ಅಂದುಬಿಟ್ಟಿದ್ದ. ಹೆಂಡ ಅಲ್ಲಿಗೇ ನಿಂತು ಗಂಜಿಯಾಗಿ ಉಳಿಯಿತು.

"ಎತ್ತಿಗೆ ಕಟ್ಟೋ ಕುಕ್ಕೇನ ನಿನ್ನ ಬಾಯಿಗೆ ಕಟ್ಟಬೇಕು ಕಣೋ ಅಳಿಯ," ಅಂದಳು ಹೊನ್ನಾಜಿ.

"ಎಷ್ಟು ಚೆನ್ನಾಗಿ ಬೈತೀಯ ಅತ್ತೆ," ಅಂದ ಮುದ್ದಯ್ಯ.

ಇದೇ ರಾಜ್ಯದ ಒಣಗುಡ್ಡದ ಮೇಲೆ ಸಪ್ಪಾಸುರ ಅಂತ ಒಬ್ಬ ಮಾಂತ್ರಿಕನಿದ್ದ. ಹುಟ್ಟಿದಾಗಿನಿಂದ ಅವನು ಯಾವುದನ್ನೂ ಮೆಚ್ಚಿದವನಲ್ಲ. ಮಾವಿನಹಣ್ಣಿಗೆ ಗೊರಟೆ ದೊಡ್ಡದು ಅನ್ನುತ್ತಿದ್ದ, ನವಿಲಿಗೆ ಕಾಲು ಸಣ್ಣದು ಅನ್ನುತ್ತಿದ್ದ. ಅವನು ಕೊಂಕು ತೆಗೆದ ವಸ್ತುವಿನಿಂದ ರುಚಿ ಹಾರಿಹೋಗುತ್ತಿತ್ತು. ಒಂದು ದಿನ ಅವನು ಹೊನ್ನಾಜಿಯ ಜಗುಲಿಗೆ ಬಂದು ಒಂದು ಬಟ್ಟಲು ಹೆಂಡ ಕೇಳಿದ. ಕುಡಿದ.

"ಬಣ್ಣ ಅತಿ ಹಳದಿ," ಅಂದ. "ನೊರೆ ಅತಿ ಬಿಳುಪು. ಬಟ್ಟಲು ದುಂಡಗಿದೆ."

"ದುಂಡಗಿರದೆ ನಿನ್ನ ಮೂಗಿನ ಹಾಗೆ ಸೊಟ್ಟಗಿರಬೇಕಿತ್ತಾ? ಹೋಗಿ ನಾಲಿಗೆ ಉಜ್ಜಿಕೊಂಡು ಬಾ," ಅಂದಳು ಹೊನ್ನಾಜಿ.

ಸಪ್ಪಾಸುರ ಕೋಲು ಕುಟ್ಟಿದ. ಹೊನ್ನಾಜಿ ಅಲ್ಲೇ ಒಂದು ಸಿಹಿಗುಂಬಳವಾಗಿ, ಉರುಳಿ, ಮನೆಯ ಸೂರಿನ ಮೇಲೆ ಹೋಗಿ ಬಳ್ಳಿಗೆ ಜೋತುಬಿದ್ದಳು. "ನನ್ನ ಬಾಯಲ್ಲಿ 'ಚೆನ್ನಾಗಿದೆ' ಅನ್ನೋ ಮಾತು ಬಂದ ದಿನ ಮತ್ತೆ ಹೆಂಗಸಾಗು," ಅಂದ ಅವನು. "ಅಷ್ಟರೊಳಗೆ ತೊಟ್ಟು ಒಣಗಿ ಉದುರಿದರೆ, ಕೊನೇವರೆಗೂ ಕಾಯಾಗೇ ಇರು."

ಆಮೇಲೆ ಅವನು ರಾಜ್ಯದ ಕಡೆಗೆ ಒಮ್ಮೆ ಉಸಿರು ಬಿಟ್ಟ. ಗುಂಬಳಗಳೆಲ್ಲ ನಿಂಬೆಗಾತ್ರಕ್ಕೆ ಕುಗ್ಗಿದವು. ಹೆಪ್ಪುಗಳೆಲ್ಲ ಸತ್ತವು. ಹೆಂಡ ಹುದುಗಲಿಲ್ಲ, ಹಾಲು ಮೊಸರಾಗಲಿಲ್ಲ, ದೋಸೆ ಹಿಟ್ಟು ಬೆಳಿಗ್ಗೆಯೂ ರಾತ್ರಿ ಇದ್ದಷ್ಟೇ ಇತ್ತು. ಅರಮನೆಯಲ್ಲಿ ರಾಜನೂ ಸಪ್ಪೆ ಮುದ್ದೆ ನುಂಗಿ ಕೂತ.

ಮುದ್ದಯ್ಯ ಏಣಿ ಹಾಕಿ, ಗುಂಬಳದ ಮೇಲೆ ಕಂಬಳಿ ಹೊದಿಸಿದ. ತೊಟ್ಟಿನ ತುದಿ ಆಗಲೇ ಬಾಡಲು ಶುರುವಾಗಿತ್ತು.

"ಅತ್ತು ಏನು ಮಾಡ್ತೀಯ, ಇಳಿ ಕೆಳಗೆ," ಅಂದಳು ಪಕ್ಕದ ಮನೆಯ ಮುದುಕಿ ಕಾಳವ್ವ. "ಅವನು ಒಳ್ಳೇದನ್ನ ಮುಚ್ಚಿಡಬಲ್ಲ, ಅಳಿಸಿಹಾಕಲಾರ. ಒಂದು ಒಳ್ಳೆ ಗುಂಬಳ ಹಂದಿಕಣಿವೇಲಿದೆ. ಚಕ್ಕೆ ಲವಂಗದ ಮರ ಮಂಗಟ್ಟೆ ಹಕ್ಕಿ ಕಾವಲಲ್ಲಿದೆ. ಹೆಪ್ಪು ಕರಡಿ ಪೊಟರೇಲಿದೆ. ತಗೊಂಡು ಬಾ. ನಿಮ್ಮತ್ತೆ ಹಾಕೋ ಹಾಗೇ ಹೆಂಡ ಹಾಕು. ಆ ಮೂತಿಮುರುಕ ಮೆಚ್ಚಿದನೋ, ನಿಮ್ಮತ್ತೆ ಬದುಕಿದಳು."

"ಅವನು ಇದುವರೆಗೂ ಏನನ್ನೂ ಮೆಚ್ಚಿಲ್ಲವಲ್ಲ ಅಜ್ಜಿ."

"ನೀನು ಇದುವರೆಗೂ ಏನನ್ನೂ ಬೈದಿಲ್ಲ. ಇಬ್ಬರದೂ ಒಂದೇ ಕಾಯಿಲೆ. ಹೊರಡು."

ಹಂದಿಕಣಿವೆಯಲ್ಲಿ ಆನೆಗಾತ್ರದ ಮಾಯಾಹಂದಿ ಗುಂಬಳಕ್ಕೆ ಅಡ್ಡ ನಿಂತಿತ್ತು. ಅದರ ಒಂದೊಂದು ಕೋರೆಯೂ ಒಂದೊಂದು ನೇಗಿಲು.

"ಹಂದಣ್ಣ, ಎಂಥ ಚೆಲುವ ನೀನು," ಅಂದ ಮುದ್ದಯ್ಯ.

"ಕೆರೇಲಿ ನನ್ನ ಮುಖ ನಾನೇ ನೋಡಿದೀನಿ," ಅಂದಿತು ಹಂದಿ, ಮತ್ತು ಅವನನ್ನು ತೂರಿತು. ಅವನು ಮೂರು ಮೋಡ ದಾಟಿ ಬಂದು ಉತ್ತ ಮಣ್ಣಿನಲ್ಲಿ ಸೊಂಟದವರೆಗೆ ಹೂತುಕೊಂಡ. ಹೂತವನು ಎದ್ದೇಳಲಿಲ್ಲ, ಮಣ್ಣನ್ನು ಹಿಡಿದು ಪುಡಿ ಮಾಡಿ ನೋಡಿದ. ಅವಲಕ್ಕಿಯ ಹಾಗೆ ಹಗುರ. ಒಂದು ಹೆಂಟೆ ಇಲ್ಲ, ಒಂದು ಗರಿಕೆ ಬೇರಿಲ್ಲ.

"ಇದನ್ನ ಉತ್ತಿದ್ದು ನೀನಾ?" ಅಂತ ಕೇಳಿದ. "ನಮ್ಮೂರಲ್ಲಿ ಎಂಟೆತ್ತು ಕಟ್ಟಿದರೂ ನೆಲ ಹೀಗೆ ಹದವಾಗಲ್ಲ. ಇಲ್ಲಿ ಬಿದ್ದ ಬೀಜ ಪುಣ್ಯ ಮಾಡಿರಬೇಕು."

ಹಂದಿ ತಲೆ ತಗ್ಗಿಸಿತು. ಯಾರೂ ಅದರ ಕೆಲಸವನ್ನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ. "ಇನ್ನೂ ಆಳಕ್ಕೆ ಹೋಗಬಹುದಿತ್ತು, ಕಲ್ಲು ಸಿಕ್ಕಿತು," ಅಂತ ನಾಚಿಕೊಂಡು, ಗುಂಬಳವನ್ನು ತಾನೇ ಮೂತಿಯಿಂದ ತಳ್ಳಿ ಕಣಿವೆಯ ಬಾಯಿಗೆ ತಂದುಕೊಟ್ಟಿತು.

ಚಕ್ಕೆ ಲವಂಗದ ಮರದಲ್ಲಿ ಮಾಯಾ ಮಂಗಟ್ಟೆ ಇತ್ತು. ಅದು ರೆಕ್ಕೆ ಬೀಸಿದರೆ ಬಂಡೆಗಳು ಉರುಳುತ್ತಿದ್ದವು. ಆದರೆ ಮುದ್ದಯ್ಯ ಬಂದಾಗ ಅದು ಹೆಂಡತಿಗೆ ಹಣ್ಣು ತಿನ್ನಿಸುತ್ತಿತ್ತು. ಹೆಣ್ಣು ಹಕ್ಕಿ ಮೊಟ್ಟೆಯ ಮೇಲೆ ಕೂತು, ಪೊಟರೆಯ ಬಾಯಿಗೆ ಮಣ್ಣು ಮೆತ್ತಿಕೊಂಡು, ಕೊಕ್ಕು ತೂರುವಷ್ಟೇ ಸಂದಿ ಬಿಟ್ಟಿತ್ತು. ಗಂಡು ಹಾರಿಹೋಗಿ ಹಣ್ಣು ತರುವುದು, ಕೊಡುವುದು, ಮತ್ತೆ ಹಾರುವುದು. ಮುದ್ದಯ್ಯ ಹೊಗಳುವುದನ್ನೂ ಮರೆತು ನೋಡುತ್ತ ನಿಂತುಬಿಟ್ಟ.

"ಬಾಯಿ ಮುಚ್ಚು, ನೊಣ ಹೋಗುತ್ತೆ," ಅಂದಿತು ಹಕ್ಕಿ, ಏದುಸಿರು ಬಿಡುತ್ತ. "ಹೊಗಳೋದಿದ್ದರೆ ಆಮೇಲೆ ಹೊಗಳು. ಮೊದಲು ಆ ಅತ್ತಿಮರ ಹತ್ತು. ನನ್ನ ರೆಕ್ಕೆ ಸೋತಿದೆ."

ಮುದ್ದಯ್ಯ ಹತ್ತಿ ಮಡಿಲು ತುಂಬ ಹಣ್ಣು ತಂದುಕೊಟ್ಟು, ಚಕ್ಕೆ ಲವಂಗ ಕೇಳಿದ. ಒಳಗಿನಿಂದ ಹೆಣ್ಣು ಹಕ್ಕಿ ಕೇಳಿತು, "ಯಾರ್ರೀ ಅದು?"

"ಯಾರೋ ಹುಡುಗ ಕಣೇ. ನಮ್ಮನ್ನ ನೋಡಿ ಕಣ್ಣಲ್ಲಿ ನೀರು ಹಾಕಿಕೊಂಡಿದಾನೆ."

"ಹಾಗಾದರೆ ಕೇಳಿದ್ದು ಕೊಟ್ಟು ಕಳಿಸಿ. ಲವಂಗ ಒಂದು ಹಿಡಿ ಜಾಸ್ತಿ ಹಾಕಿ."

ಕೊನೆಗೆ ಕರಡಿಯ ಪೊಟರೆ. ಇಪ್ಪೆಹೂವು ತಿಂದು ಕಣ್ಣು ಕೆಂಪಾಗಿಸಿಕೊಂಡ ಕರಡಿ ಹೆಪ್ಪಿನ ಕುಡಿಕೆಯನ್ನು ತಬ್ಬಿ ಕೂತಿತ್ತು.

"ನನ್ನದಕ್ಕಿಂತ ದೊಡ್ಡ ಸಂಗತಿ ಹೇಳಿದರೆ ಇದು ನಿನಗೆ. ಸೋತರೆ ನೀನು ನನಗೆ," ಅಂದಿತು. "ನಾನು ಮರಿಯಾಗಿದ್ದಾಗ ಚಂದ್ರನನ್ನ ಜೇನುತಟ್ಟಿ ಅಂತ ತಿಳಿದು ಹತ್ತಿ ನೆಕ್ಕಿದ್ದೆ. ಆ ಕಲೆ ಈಗಲೂ ಇದೆ. ಹೇಳು ನಿಂದು."

ಮುದ್ದಯ್ಯ ನೆಲದ ಮೇಲೆ ಕೂತ. "ನಮ್ಮತ್ತೆ ಒಂದು ವರ್ಷ ಹೆಂಡ ಹಾಕಿದಾಗ ನದಿಯೇ ಬಾಗಿಲಿಗೆ ಬಂದು ಒಂದು ಬಟ್ಟಲು ಕೇಳಿತು. ಕುಡಿದು ಮತ್ತೇರಿ, ದಿಕ್ಕು ತಿಳಿಯದೆ ಬೆಟ್ಟ ಹತ್ತಿ ಹರಿಯಿತು. ಮೀನುಗಳು ಅವರಿವರನ್ನ ಕೇಳಿಕೊಂಡು ಮನೆ ಸೇರಿದವು. ನದಿ ಮಾರನೇ ದಿನ ಬಂದು, ತಪ್ಪಾಯಿತು ಅಂತ ಅತ್ತೆ ಕಾಲು ತೊಳೆಯಿತು. ಅತ್ತೆ ಅದಕ್ಕೂ ಬೈದಳು, ಆಮೇಲೆ ಊಟ ಹಾಕಿ ಕಳಿಸಿದಳು."

"ಸುಳ್ಳಲ್ಲವಾ?" ಅಂದಿತು ಕರಡಿ.

"ಅತ್ತೆ ವಿಷಯದಲ್ಲಿ ನಾನು ಸುಳ್ಳು ಹೇಳಿಯೇ ಇಲ್ಲ. ಹೇಳೋ ಅಗತ್ಯ ಬಿದ್ದಿಲ್ಲ," ಅಂದ ಮುದ್ದಯ್ಯ. ಹೇಳಿ ಕಣ್ಣೊರೆಸಿಕೊಂಡ.

ಕರಡಿ ಕುಡಿಕೆಯ ಮೇಲಿನ ಹಿಡಿತ ಸಡಿಲಿಸಿತು. ಚಂದ್ರನ ಕತೆ ಯಾರ ಕಣ್ಣನ್ನೂ ಒದ್ದೆ ಮಾಡಿರಲಿಲ್ಲ. ಅದು ಕುಡಿಕೆಯನ್ನು ಅವನ ಮಡಿಲಿಗೆ ದೂಡಿ, ಆ ಕಡೆ ಮಗ್ಗುಲಾಯಿತು.

ಊರಿಗೆ ಬಂದವನೇ ಮುದ್ದಯ್ಯ ಕೆಲಸಕ್ಕೆ ಕೂತ. ಗುಂಬಳವನ್ನು ಹೋಳು ಮಾಡಿ ಕೆಂಡದಲ್ಲಿ ಸುಟ್ಟ, ಅಂಚು ಬೆಲ್ಲದ ಪಾಕದ ಹಾಗೆ ಕಪ್ಪಾಗುವವರೆಗೆ. ಮೊಳಕೆ ಕಟ್ಟಿ ಒಣಗಿಸಿದ ರಾಗಿಯನ್ನು ಬೀಸಿ ಗಂಜಿ ಕಾಯಿಸಿದ. ಎರಡನ್ನೂ ಕಲಸಿ, ಚಕ್ಕೆ ಲವಂಗ ಕುಟ್ಟಿ ಹಾಕಿ, ಬೆರಳು ಅದ್ದಿದರೆ ಹಿತವಾಗುವಷ್ಟು ಆರಿದ ಮೇಲೆ ಹೆಪ್ಪು ಬಿಟ್ಟು, ಗುಡಾಣದ ಬಾಯಿಗೆ ಬಟ್ಟೆ ಕಟ್ಟಿದ. ಅತ್ತೆಯ ಕೈಯೇ ಅವನ ಕೈಯೊಳಗೆ ಸೇರಿ ಕೆಲಸ ಮಾಡಿದಂತಿತ್ತು.

ಗುಡಾಣ ಮಾತ್ರ ಮಿಸುಕಲಿಲ್ಲ.

"ಬೈಯೋ," ಅಂದಳು ಕಾಳವ್ವ.

ಮುದ್ದಯ್ಯ ಗಂಟಲು ಸರಿಮಾಡಿಕೊಂಡ. "ಎಲೈ ಗುಡಾಣವೇ, ನೀನು... ಸ್ವಲ್ಪ ದಪ್ಪ. ಆದರೂ ಲಕ್ಷಣವಾಗಿದೀಯ."

"ಇದೇನು ಬೈಗುಳವಾ, ಹೆಣ್ಣು ನೋಡೋಕೆ ಬಂದಿದೀಯಾ?"

ಮುದ್ದಯ್ಯ ಸೂರಿನ ಕಡೆ ನೋಡಿದ. ತೊಟ್ಟು ಅರ್ಧ ಬಿಳುಚಿಕೊಂಡಿತ್ತು. ಅವನು ಗುಡಾಣದ ಕಡೆ ತಿರುಗಿದ. "ಏ ದರಿದ್ರದ ಗುಡಾಣ," ಅಂದ. "ನನ್ನತ್ತೆ ಅಲ್ಲಿ ಒಣಗ್ತಿದಾಳೆ, ನೀನಿಲ್ಲಿ ಹೊಟ್ಟೆ ಬಿಟ್ಟುಕೊಂಡು ಕೂತಿದೀಯ. ನಿನ್ನ ಸುಟ್ಟ ಕುಂಬಾರನಿಗೆ ಮಣ್ಣು ಸಿಗಲಿಲ್ಲ ಅಂತ ಕಾಣುತ್ತೆ, ಸೋಮಾರಿತನ ಕಲಸಿ ಮಾಡಿದಾನೆ. ಕೊಳಚೆ, ಕಲಗಚ್ಚು, ಎಮ್ಮೆ ಮೂಸಿ ಬಿಟ್ಟ ನೀರು..."

ಗುಡಾಣ ಗುಳುಗುಳು ಅಂದಿತು. ಬಟ್ಟೆ ಉಬ್ಬಿತು. ನೊರೆ ಬಿಳಿ ರುಮಾಲಿನ ಹಾಗೆ ಎದ್ದು ನಿಂತಿತು. ಆ ಪರಿಮಳ ಬೀದಿ ದಾಟಿ, ಬಯಲು ದಾಟಿ, ಒಣಗುಡ್ಡ ಹತ್ತಿ, ಸಪ್ಪಾಸುರನ ಮೂಗು ಹಿಡಿದು ಎಳೆದುಕೊಂಡು ಬಂತು.

"ತಾ ಒಂದು ಬಟ್ಟಲು," ಅಂದ ಅವನು, ಜಗುಲಿಯಲ್ಲಿ ಕೂತು.

ಮುದ್ದಯ್ಯ ಗುಡಾಣ ನೋಡಿದ, ಸೂರು ನೋಡಿದ. ನೊರೆ ಇನ್ನೂ ಇಳಿದಿಲ್ಲ. ತೊಟ್ಟು ನೂಲಿನೆಳೆಯಷ್ಟು ಉಳಿದಿದೆ. ಕಾಯುವಂತಿಲ್ಲ, ಕೊಡಬೇಕು. ಆದರೆ ಉಕ್ಕುತ್ತಿರುವ ಹೆಂಡವನ್ನು ಒಳ್ಳೆಯದು ಅಂದರೆ ಅಲ್ಲಿಗೇ ಕೆಡುತ್ತದೆ.

"ಕುಡಿಯೋದಕ್ಕೆ ಲಾಯಕ್ಕಿಲ್ಲ ಸ್ವಾಮಿ," ಅಂದ, ಬಟ್ಟಲು ಕೊಡುತ್ತ. "ಬಣ್ಣ ಕೆಟ್ಟಿದೆ."

"ಪಾಚಿನೀರಿನ ರುಚಿ," ಅಂದಳು ಕಾಳವ್ವ.

ಸಪ್ಪಾಸುರ ಒಂದು ಗುಟುಕು ಕುಡಿದು ತಡೆದ. "ಮಸಾಲೆ..." ಅಂದ.

"ಜಾಸ್ತಿಯಾಗಿದೆ," ಅಂದ ಮುದ್ದಯ್ಯ.

"ನೊರೆ..."

"ಹಲ್ಲಿಲ್ಲದವರ ನಗು ಇದ್ದ ಹಾಗಿದೆ," ಅಂದಳು ಕಾಳವ್ವ.

ಸಪ್ಪಾಸುರ ಇನ್ನೊಂದು ಗುಟುಕು ಕುಡಿದ. ತಪ್ಪು ಹುಡುಕಿದ. ಯಾವುದಕ್ಕೆ ಕೈ ಹಾಕಿದರೂ ಅದನ್ನು ಇವರಿಬ್ಬರೂ ಆಗಲೇ ಹೇಳಿ ಮುಗಿಸಿದ್ದರು. ಜೀವಮಾನದಲ್ಲಿ ಮೊದಲ ಸಲ ಅವನಿಗೆ ಕೊಂಕು ತೆಗೆಯಲು ಏನೂ ಉಳಿಯಲಿಲ್ಲ. ಉಳಿದದ್ದು ಒಂದೇ, ಇವರ ಮಾತು.

"ಮೂಢರು ನೀವು," ಅಂತ ಗುಡುಗಿದ. "ನಿಮಗೆ ನಾಲಿಗೆ ಅಂತ ಇದೆಯೇನ್ರೋ? ಇದು ಪಾಚಿನೀರಾ? ಸುಟ್ಟ ಗುಂಬಳದ ಸಿಹಿ ಎಲ್ಲಿ ನಿಲ್ಲಬೇಕೋ ಅಲ್ಲೇ ನಿಂತಿದೆ. ಚಕ್ಕೆ ಬಂದು ಹೋಗೋದು ಗೊತ್ತಾಗಬೇಕು, ಗೊತ್ತಾಗುತ್ತೆ. ನೀವು ಹೇಳಿದ್ದೆಲ್ಲ ತಪ್ಪು. ಇದು ಚೆನ್ನಾಗಿದೆ."

ಹೇಳಿ ಬಾಯಿ ಮುಚ್ಚಿಕೊಂಡ, ತಡವಾಗಿತ್ತು. ಸೂರಿನ ಮೇಲೆ ತೊಟ್ಟು ಪಟ್ಟೆಂದಿತು. ಗುಂಬಳ ಉರುಳಿ ಬಿತ್ತು, ಹೊನ್ನಾಜಿ ಮತ್ತೆ ಹೆಂಗಸಾಗಿ ಕಂಬಳಿ ಸಮೇತ ಅಂಗಳದಲ್ಲಿ ನಿಂತಳು. ರಾಜ್ಯದ ನಿಂಬೆಗಾತ್ರದ ಗುಂಬಳಗಳೆಲ್ಲ ಉಬ್ಬಿ ಮನೆಗಳನ್ನು ಪಕ್ಕಕ್ಕೆ ಸರಿಸಿದವು. ಅರಮನೆಯ ದೋಸೆ ಹಿಟ್ಟು ಉಕ್ಕಿ ಮಂತ್ರಿಯನ್ನು ಬಾಗಿಲವರೆಗೆ ತೇಲಿಸಿತು.

ಸಪ್ಪಾಸುರನ ಕೋಲು ಚಿಗುರಿತು. ಅವನ ಬಾಯಿಯೋ, ಒಮ್ಮೆ ತೆರೆದದ್ದು ನಿಲ್ಲಲೊಲ್ಲದು. "ಈ ಜಗುಲಿ ಚೆನ್ನಾಗಿದೆ. ಈ ಎಮ್ಮೆ ಚೆನ್ನಾಗಿದೆ. ಅಜ್ಜಿ, ನಿಮ್ಮ ಸುಕ್ಕು ಎಷ್ಟು ಚೆನ್ನಾಗಿದೆ," ಅನ್ನುತ್ತ ಬೀದಿಗುಂಟ ಹೊರಟ. ರಾಜ ಅವನನ್ನು ಬಹುಪರಾಕು ಹೇಳುವ ಕೆಲಸಕ್ಕೆ ಇಟ್ಟುಕೊಂಡ. ಮೊದಲಿದ್ದ ಹೊಗಳುಭಟರು ಅವನ ಮುಂದೆ ಮೂಕರಾದರು.

ಸಪ್ಪಾಸುರನ ಹೊಗಳಿಕೆಯೂ ಬೈಗುಳದ ದನಿಯಲ್ಲೇ ಬಂದದ್ದರಿಂದ ಹೆಂಡಕ್ಕೆ ಸೊಕ್ಕು ಬರಲಿಲ್ಲ. ಸಂಜೆಗೆ ನೊರೆ ಇಳಿದು ಹೆಂಡ ತಿಳಿಯಾಯಿತು. ಈಗ ಹೊಗಳಬಹುದಿತ್ತು. ಊರೆಲ್ಲ ಅಂಗಳದಲ್ಲಿ ಸೇರಿ ಹೊನ್ನಾಜಿಯ ಬಾಯಿಯನ್ನೇ ನೋಡುತ್ತಿತ್ತು. ಅವಳು ಬಟ್ಟಲೆತ್ತಿ ಮೂಸಿದಳು, ಕುಡಿದಳು, ಬಾಯಿ ಒರೆಸಿಕೊಂಡಳು.

ಆಮೇಲೆ ಬರಿದಾದ ಬಟ್ಟಲನ್ನು ಮತ್ತೆ ಮುದ್ದಯ್ಯನ ಮುಂದೆ ಚಾಚಿದಳು.

ಅಲ್ಲಿಂದಾಚೆಗೆ ಬಳ್ಳಿಮಂಡಲದಲ್ಲಿ ಬಳ್ಳಿ ಒಣಗಲಿಲ್ಲ, ಗುಡಾಣ ಬತ್ತಲಿಲ್ಲ. ಕುಡಿದವರು ಕುಣಿದರು, ಕುಡಿಯದವರು ತಾಳ ಹಾಕಿದರು, ಎಲ್ಲರೂ ಸುಖವಾಗಿದ್ದರು.