ಬಿದಿರುತಿರುವಿನ ಸದ್ದುಪೆಟ್ಟಿಗೆ

ಗುಂಡಿ ಒತ್ತಿದ ಕೂಡಲೇ ಸೈಕಲ್ಲು ಕೆಮ್ಮಿತು. ಎರಡು ಸಲ ಕೆಮ್ಮಿ, ಒಮ್ಮೆ ಸೀನಿದಂತೆ ಮಾಡಿ, ಆಮೇಲೆ ಹಳೆಯ ಪೆಟ್ರೋಲ್ ಎಂಜಿನ್ನಿನ ಹಾಗೆ ಪಟಪಟ ಬಡಿದುಕೊಳ್ಳತೊಡಗಿತು. ಆದರೆ ಅದರಲ್ಲಿ ಎಂಜಿನ್ನೂ ಇರಲಿಲ್ಲ, ಪೆಟ್ರೋಲೂ ಇರಲಿಲ್ಲ. ಹಿಂಗಾಲಿಯ ನಡುವೆ ತೆಂಗಿನಕಾಯಿ ಗಾತ್ರದ ವಿದ್ಯುತ್ ಮೋಟರು, ಹ್ಯಾಂಡಲಿನ ಕೆಳಗೆ ಟಿಫಿನ್ ಡಬ್ಬಿಯಷ್ಟು ದೊಡ್ಡ ಸದ್ದುಪೆಟ್ಟಿಗೆ. ಮೋಟರು ಓಡಿಸುತ್ತದೆ, ಪೆಟ್ಟಿಗೆ ಅರಚುತ್ತದೆ. ಇಷ್ಟೇ ಆ ಯಂತ್ರದ ಕೆಲಸ.

ಇಲ್ಲದ ಎಂಜಿನ್ನಿಗೆ ಸದ್ದು ಯಾಕೆ ಎಂದು ಯಾರಾದರೂ ಕೇಳಬಹುದು. ಕಾರಣ ಆನೆ.

ಹೊಸಗೇಟಿನ ಆರೋಗ್ಯ ಕೇಂದ್ರದಿಂದ ಕೀರನಗುಡ್ಡದ ಪೋಡಿಗೆ, ಅಂದರೆ ಕಾಡೊಳಗಿನ ಐವತ್ತು ಮನೆಗಳ ಹಾಡಿಗೆ, ಹನ್ನೊಂದು ಕಿಲೋಮೀಟರ್ ಕಾಲುದಾರಿ. ಜೀಪು ಹೋಗುವಷ್ಟು ಅಗಲವಿಲ್ಲ, ಮರಗಳ ದಟ್ಟಣೆಯಲ್ಲಿ ಡ್ರೋನ್ ಇಳಿಯುವುದಿಲ್ಲ. ಇಪ್ಪತ್ತಾರು ವರ್ಷ ಆ ದಾರಿಯಲ್ಲಿ ಔಷಧಿ ಹೊತ್ತವನು ಆ ಪೋಡಿನವನೇ ಆದ ಕುಂಬೇಗೌಡ, ಪೆಟ್ರೋಲ್ ಎಂಜಿನ್ ಕಟ್ಟಿದ ತನ್ನ ಸೈಕಲ್ಲಿನಲ್ಲಿ. ಆಮೇಲೆ ಕಾಲ ಬದಲಾಯಿತು. ಪೆಟ್ರೋಲಿನ ಹೊಗೆ ಕಾಡಿಗೆ ಬೇಡ ಎಂದರು; ವಿದ್ಯುತ್ ಸೈಕಲ್ಲುಗಳು ಬಂದವು. ಅವು ಬೆಕ್ಕಿನ ಹಾಗೆ ಸದ್ದಿಲ್ಲದೆ ಓಡಿದವು. ಆ ನಿಶ್ಶಬ್ದವೇ ಮುಳುವಾಯಿತು. ಪಕ್ಕದ ಕಾಡಿನಲ್ಲಿ ಇಬ್ಬರು ಸವಾರರು ತಿರುವಿನಲ್ಲಿ ನೇರವಾಗಿ ಆನೆಯ ಸೊಂಡಿಲಿಗೇ ಹೋಗಿ ಸಿಕ್ಕರು. ಇಬ್ಬರೂ ಉಳಿಯಲಿಲ್ಲ.

ಆಗ ಸರ್ಕಾರ ಒಂದು ಸಮಿತಿ ಮಾಡಿತು. ನಲವತ್ತು ಔಷಧಿ ಸೈಕಲ್ಲುಗಳಿಗೆ ವಿದ್ಯುತ್ತೋ ಪೆಟ್ರೋಲೋ ಎಂಬುದನ್ನು ಅದು ತೀರ್ಮಾನಿಸಬೇಕಿತ್ತು. ಸಮಿತಿಯ ವಿಜ್ಞಾನಿ ಡಾಕ್ಟರ್ ಅಹಲ್ಯಾ ನಾಡಿಗ ನಡುವಿನ ದಾರಿ ಹುಡುಕಿದರು. ಓಟ ವಿದ್ಯುತ್ತಿನದು, ಸದ್ದು ಪೆಟ್ರೋಲಿನದು. ಇನ್ನೂ ಪೆಟ್ರೋಲಿನಲ್ಲೇ ಓಡುತ್ತಿದ್ದ ಕುಂಬೇಗೌಡನ ಸೈಕಲ್ಲಿಗೇ ಮೈಕ್ ಕಟ್ಟಿ, ಎರಡು ದಿನ ಅವನನ್ನು ಓಡಾಡಿಸಿ, ಎಂಜಿನ್ನಿನ ಸದ್ದು ಹಿಡಿದುಕೊಂಡು ಮೈಸೂರಿಗೆ ಹೋದರು. ಪೆಟ್ಟಿಗೆ ಸಿದ್ಧವಾಗಿ ಬರುವಷ್ಟರಲ್ಲಿ ಕುಂಬೇಗೌಡ ಎದೆನೋವಿನಿಂದ ತೀರಿಕೊಂಡಿದ್ದ. ಆ ಪೋಡಿನವರಲ್ಲಿ ಒಂದು ಕಟ್ಟಳೆಯಿದೆ. ಸತ್ತವರ ಒಡನಾಟವಿದ್ದ ಪ್ರತಿಯೊಬ್ಬರಿಗೂ ಮನೆಯವರೇ ಎದುರು ನಿಂತು ಸುದ್ದಿ ಹೇಳಬೇಕು. ಮಗಳು ಜಡೆಮ್ಮ ಮೂರು ದಿನ ಕಾಲ್ನಡಿಗೆಯಲ್ಲಿ ಎಂಟು ಪೋಡು ಸುತ್ತಿ, ಅಪ್ಪನ ಸಾವನ್ನು ಹೇಳಿ ಬಂದು, ನಾಲ್ಕನೇ ದಿನ ಅಪ್ಪನ ಕೆಲಸಕ್ಕೆ ನಿಂತಳು.

ಪೆಟ್ಟಿಗೆ ಮಾತ್ರ ನೆಟ್ಟಗೆ ಕೆಲಸ ಮಾಡಲಿಲ್ಲ. ಸದ್ದು ಕೇಳಿದ ಆನೆಗಳು ದಾರಿ ಬಿಡುವ ಬದಲು ಅಲ್ಲೇ ನಿಂತು ದಿಟ್ಟಿಸುತ್ತಿದ್ದವು. ಎರಡು ಸಲ ಅಟ್ಟಿಸಿಕೊಂಡೂ ಬಂದವು. ಕಾರಣ ಹುಡುಕಲು ಅಹಲ್ಯಾ ಹೊಸಗೇಟಿಗೆ ಬಂದಿದ್ದ ದಿನವೇ, ಮಧ್ಯಾಹ್ನ ನಾಲ್ಕು ಗಂಟೆಗೆ, ಪೋಡಿನ ನರ್ಸ್ ವೈರ್‌ಲೆಸ್‌ನಲ್ಲಿ ಕರೆದಳು. ಸೀಗೆಕಾಯಿ ಕೊಯ್ಯಲು ಹೋಗಿದ್ದ ಕೇತಮ್ಮನಿಗೆ ನಾಗರಹಾವು ಕಚ್ಚಿತ್ತು. ಕೇತಮ್ಮ ಎಂದರೆ ಜಡೆಮ್ಮನ ಚಿಕ್ಕಮ್ಮ, ತಾಯಿಯಿಲ್ಲದ ಅವಳನ್ನು ಸಾಕಿದವಳು.

"ರೆಪ್ಪೆ ಜೋತುಬಿದ್ದಿದೆ. ಮಾತು ತೊದಲ್ತಾ ಇದೆ. ನನ್ನ ಹತ್ರ ಇದ್ದ ಔಷಧಿ ಹೋದ ವಾರಾನೇ ಮುಗೀತು. ಸಂಜೆ ಐದರೊಳಗೆ ಬರದಿದ್ರೆ ಉಸಿರು ನಿಲ್ಲುತ್ತೆ," ಎಂದಳು ನರ್ಸ್.

ಕೇಂದ್ರದ ಗೋಡೆಗೆ ಎರಡು ಸೈಕಲ್ಲುಗಳು ಒರಗಿದ್ದವು. ಒಂದು ಅಪ್ಪನದು, ಪೆಟ್ರೋಲಿನದು. ಆನೆಗಳು ಅದನ್ನು ಬಲ್ಲವು, ಆದರೆ ಏರುದಾರಿಯಲ್ಲಿ ಒಂದು ಗಂಟೆ ಹತ್ತು ನಿಮಿಷ ಬೇಕು. ಇನ್ನೊಂದು ಹೊಸದು. ಮೂವತ್ತೈದು ನಿಮಿಷ ಸಾಕು, ಆದರೆ ದಾರಿ ಸಿಗುವ ಭರವಸೆಯಿಲ್ಲ. ಜಡೆಮ್ಮ ಅಪ್ಪನ ಸೈಕಲ್ಲಿನ ಸೀಟನ್ನು ಒಮ್ಮೆ ಮುಟ್ಟಿ, ಹೊಸದನ್ನು ಎಳೆದುಕೊಂಡಳು.

"ನಾನೂ ಬರ್ತೀನಿ," ಎಂದರು ಅಹಲ್ಯಾ. "ಪೆಟ್ಟಿಗೆ ಕೈಕೊಟ್ಟರೆ ಸರಿ ಮಾಡೋಕೆ ಯಾರಾದ್ರೂ ಬೇಕಲ್ಲ."

"ಕ್ಯಾರಿಯರ್ ಗಟ್ಟಿಯಾಗಿ ಹಿಡ್ಕಳಿ ಮೇಡಂ. ಬಿದ್ರೆ ನಾನು ನಿಲ್ಸಕಿಲ್ಲ."

ಅವಳು ತಮಾಷೆಗೆ ಹೇಳಿದ್ದಲ್ಲ. ಮೋಟರು ಏರನ್ನು ಲೆಕ್ಕಕ್ಕೇ ಇಡದೆ ನುಗ್ಗಿತು, ಪೆಟ್ಟಿಗೆ ಪಟಪಟ ಎನ್ನುತ್ತಲೇ ಇತ್ತು. ಆರು ಕಿಲೋಮೀಟರ್ ನಿರಾತಂಕವಾಗಿ ಕಳೆಯಿತು. ಏಳನೆಯದರಲ್ಲಿ ಬಿದಿರುತಿರುವು ಬಂತು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಬಿದಿರು ಮುಚ್ಚಿದ ಕಮರಿ. ನಡುವೆ ದಾರಿಗೆ ಅಡ್ಡಲಾಗಿ ಒಂಟಿಕೊಂಬಿನ ದೊಡ್ಡ ಸಲಗ ನಿಂತಿತ್ತು. ಇಪ್ಪತ್ತು ಅಡಿಯೂ ದೂರವಿರಲಿಲ್ಲ.

ಸೈಕಲ್ಲು ನಿಂತಿತು, ಇಬ್ಬರೂ ಇಳಿದರು. ಪೆಟ್ಟಿಗೆ ನಿಲ್ಲಲಿಲ್ಲ. ಸಲಗ ಕಿವಿ ಅಗಲಿಸಿ ಒಂದು ಹೆಜ್ಜೆ ಮುಂದಿಟ್ಟಿತು.

"ಆರ್ಸಿ ಮೇಡಂ," ಎಂದು ಜಡೆಮ್ಮ ಪಿಸುಗುಟ್ಟಿದಳು. "ಅಪ್ಪ ಈ ತಿರುವಲ್ಲಿ ಎಂಜಿನ್ ಆರ್ಸಿ ಮಾತಾಡ್ತಿದ್ರು. ಪ್ರತಿ ತಿರುವಲ್ಲೂ ಹಂಗೇಯ."

ಅಹಲ್ಯಾ ಗುಂಡಿ ಒತ್ತಿದರು. ಕಾಡು ಒಮ್ಮೆಲೇ ಮೌನವಾಯಿತು. "ಏನಂತ ಮಾತಾಡ್ತಿದ್ರು?"

"ನೀವು ಹಿಡ್ಕಂಡೋಗಿದ್ರಲ್ಲ, ಅದ್ರಲ್ಲೇ ಇತ್ತು."

ಅಹಲ್ಯಾರಿಗೆ ನೆನಪಾಯಿತು. ಹೌದು, ಇತ್ತು. ಎಂಜಿನ್ನಿನ ಸದ್ದಿನ ನಡುನಡುವೆ ಖಾಲಿ ಜಾಗಗಳಿದ್ದವು, ಅಲ್ಲಿ ಮುದುಕನ ಗೊಣಗಾಟವಿತ್ತು. ಪ್ರಯೋಗಾಲಯದ ಶಬ್ದಶೋಧಕ ಅದನ್ನು ಕಸ ಎಂದು ಗುರುತಿಸಿತ್ತು. ಅವರೇ ಒಪ್ಪಿಗೆ ಕೊಟ್ಟು ಅಳಿಸಿದ್ದರು. ಖಾಲಿ ಜಾಗಗಳನ್ನು ಮುಚ್ಚಿ, ಎಂಜಿನ್ನನ್ನು ಉಸಿರು ಬಿಡದ ಹಾಗೆ ಹೊಲಿದಿದ್ದರು. ಯಾರೋ ಬರುತ್ತಿದ್ದಾರೆ ಎಂದಷ್ಟೇ ಪೆಟ್ಟಿಗೆ ಹೇಳುತ್ತಿತ್ತು. ಯಾರು ಎಂದು ಹೇಳುತ್ತಿರಲಿಲ್ಲ.

"ನಾನು ತೆಗೆದುಬಿಟ್ಟೆ ಜಡೆಮ್ಮ. ಬೇಡದ ಸದ್ದು ಅಂದ್ಕೊಂಡೆ. ನೀವಾದ್ರೂ ಹೇಳಬಾರದಿತ್ತಾ?"

"ಸತ್ತೋರ ದನಿ ಅಂತ ಮರ್ವಾದೆಗೆ ತೆಗ್ದಿದೀರಿ ಅನ್ಕಂಡೆ. ಅದ್ನ ಕೇಳೋದು ಹೆಂಗೆ?"

ಇಬ್ಬರು ಬುದ್ಧಿವಂತೆಯರು ಒಬ್ಬರನ್ನೊಬ್ಬರು ಕೇಳದೆ ಮೂರು ವಾರ ಕಳೆದಿದ್ದರು. ಬೆಲೆ ತೆರುವವಳು ನಾಲ್ಕು ಕಿಲೋಮೀಟರ್ ಆಚೆ ಕಣ್ಣು ತೆರೆಯಲಾಗದೆ ಮಲಗಿದ್ದಳು. ಗಡಿಯಾರ ನಾಲ್ಕು ಮೂವತ್ತೊಂದು ತೋರಿಸುತ್ತಿತ್ತು.

"ಅಳಿಸೋಕೆ ಮುಂಚಿನ ಮೂಲ ದನಿ ಪೆಟ್ಟಿಗೆ ಒಳಗೆ ಇನ್ನೂ ಇದೆ," ಎಂದರು ಅಹಲ್ಯಾ. ಗುಂಡಿಗಳನ್ನೊತ್ತಿ ಹುಡುಕಿ ಹಾಕಿದರು.

ಎಂಜಿನ್ ಕೆಮ್ಮಿತು, ಬಡಿದುಕೊಂಡಿತು, ನಿಂತಿತು. ಆಮೇಲೆ ಪೆಟ್ಟಿಗೆಯೊಳಗಿಂದ, ಬೀಡಿ ಸೇದಿ ಒಡೆದ ಗಂಟಲಿನಲ್ಲಿ, ಕುಂಬೇಗೌಡ ಮಾತಾಡಿದ: "ದೊಡ್ಡಯ್ಯ, ನಾನು ಕಣಪ್ಪ, ಕುಂಬೇಗೌಡ. ಔಸ್ದಿ ತಕ್ಕಂಡೋಯ್ತಾ ಇವ್ನಿ. ಒಸಿ ದಾರಿ ಬುಡು."

ಜಡೆಮ್ಮ ಅಪ್ಪನ ದನಿ ಕೇಳಿ ಮೂರು ವಾರಕ್ಕೂ ಮೇಲಾಗಿತ್ತು. ಅಳಲು ಹೊತ್ತಿರಲಿಲ್ಲ.

ಸಲಗದ ಅಗಲಿಸಿದ ಕಿವಿ ಇಳಿಯಿತು. ದಾರಿ ಬಿಡುತ್ತದೆ ಎಂದುಕೊಂಡರು ಅಹಲ್ಯಾ. ಆದರೆ ಆನೆ ಪಕ್ಕಕ್ಕೆ ಸರಿಯಲಿಲ್ಲ, ನೇರವಾಗಿ ಅವರ ಕಡೆಗೇ ಬಂತು. ಓಡಲು ಜಾಗವಿರಲಿಲ್ಲ. ಸೊಂಡಿಲು ಚಾಚಿ ಪೆಟ್ಟಿಗೆಯನ್ನು ಮೂಸಿತು, ಸೀಟನ್ನು ಮೂಸಿತು, ಜಡೆಮ್ಮನ ತಲೆ, ಭುಜ, ಕೈಯಲ್ಲಿದ್ದ ಔಷಧಿ ಚೀಲವನ್ನು ಒಂದೊಂದಾಗಿ ಮುಟ್ಟಿ ನೋಡಿತು. ಮತ್ತೆ ಪೆಟ್ಟಿಗೆಗೇ ಬಂತು. ದನಿ ಇದೆ, ಮನುಷ್ಯ ಇಲ್ಲ. ದಾರಿ ಬಿಡಿಸಬೇಕಾದ ದನಿಯೇ ದಾರಿ ಕಟ್ಟಿ ನಿಲ್ಲಿಸಿತ್ತು.

"ಹುಡುಕ್ತಾ ಇದೆ," ಎಂದರು ಅಹಲ್ಯಾ, ತುಟಿ ಅಲುಗಿಸದೆ. "ಈಗೇನು ಮಾಡೋದು? ನನಗೆ ತೋಚ್ತಿಲ್ಲ."

ನಾಲ್ಕು ಮೂವತ್ತೊಂಬತ್ತು. ಸಲಗ ಕದಲಲಿಲ್ಲ. ಜಡೆಮ್ಮನಿಗೆ ಎಂಟು ಪೋಡುಗಳ ಬಾಗಿಲುಗಳು ನೆನಪಾದವು. ಒಬ್ಬರನ್ನೂ ಬಿಟ್ಟಿಲ್ಲ ಎಂದುಕೊಂಡಿದ್ದಳು. ಇಪ್ಪತ್ತಾರು ವರ್ಷ ಅಪ್ಪ ದಿನಾ ಮಾತಾಡಿಸಿದ ಒಬ್ಬನನ್ನು ಬಿಟ್ಟುಬಿಟ್ಟಿದ್ದಳು. ಅವಳು ಪೆಟ್ಟಿಗೆಯ ತಂತಿ ಕಿತ್ತು, ಚಪ್ಪಲಿ ಕಳಚಿ, ಸುದ್ದಿ ಹೇಳುವವರು ಬಾಗಿಲಲ್ಲಿ ನಿಲ್ಲುವ ಹಾಗೆ ತಲೆ ಬಗ್ಗಿಸಿ ನಿಂತಳು.

"ದೊಡ್ಡಯ್ಯ, ಅಪ್ಪ ಹೋಗ್ಬುಟ್ರು. ಹುಣ್ಣಿಮೆ ಮಾರನೇ ದಿನ. ಎದೆ ನೋವು ಅಂದ್ರು, ನೀರು ಕೇಳುದ್ರು, ಅಷ್ಟೇಯ. ನಿಂಗೆ ಬಂದು ಹೇಳ್ಬೇಕಿತ್ತು. ನಾನು ಹೇಳ್ನಿಲ್ಲ. ತಪ್ಪಾಯ್ತು." ದನಿ ಒಡೆಯಿತು, ಆದರೂ ನಿಲ್ಲಿಸಲಿಲ್ಲ. "ಚಿಕ್ಕವ್ವಂಗೆ ಹಾವು ಕಚ್ಚ್ಯದೆ. ಅವಳ್ನಾದ್ರೂ ಉಳ್ಸ್ಕಬೇಕು."

ಆನೆಗೆ ಎಷ್ಟು ಅರ್ಥವಾಯಿತೋ ಹೇಳಲು ಯಾವ ವಿಜ್ಞಾನಕ್ಕೂ ಆಗದು. ಅದೇ ಒಡೆದ ದನಿ, ಅದೇ ಏರಿಳಿತ ಮಗಳ ಗಂಟಲಲ್ಲೂ ಇತ್ತು ಎಂದು ಅಹಲ್ಯಾ ಆಮೇಲೆ ಬರೆದರು. ಅದು ಅವರ ಊಹೆ. ನಡೆದದ್ದು ಇಷ್ಟು: ಸಲಗ ಸೊಂಡಿಲಿನಿಂದ ಖಾಲಿ ಸೀಟನ್ನು ಇನ್ನೊಮ್ಮೆ ಮುಟ್ಟಿ, ಹಿಂದೆ ಹಿಂದಕ್ಕೆ ಹೆಜ್ಜೆಯಿಟ್ಟು ಬಂಡೆಗೆ ಒತ್ತಿಕೊಂಡಿತು. ಒಂದು ಸೈಕಲ್ಲಿನಷ್ಟು ಜಾಗ ಬಿಟ್ಟಿತು.

ಪೋಡು ತಲುಪಿದಾಗ ಐದಕ್ಕೆ ಎರಡು ನಿಮಿಷವಿತ್ತು. ಕೇತಮ್ಮ ಮರುದಿನ ಬೆಳಗ್ಗೆ ಕಣ್ಣು ಬಿಟ್ಟು ಗಂಜಿ ಕೇಳಿದಳು.

ಸಮಿತಿಗೆ ಅಹಲ್ಯಾ ಕೊಟ್ಟ ವರದಿ ಅರ್ಧ ಪುಟದ್ದು. ವಿದ್ಯುತ್ ಸೈಕಲ್ಲೇ ಇರಲಿ, ಸದ್ದುಪೆಟ್ಟಿಗೆ ಬೇಡ, ತಿರುವಿನಲ್ಲಿ ಸವಾರರು ನಿಂತು ಮಾತಾಡಲಿ ಎಂದು ಬರೆದಿದ್ದರು. ಸಮಿತಿಯವರಿಗೆ ಇದು ವಿಜ್ಞಾನ ಎನಿಸಲಿಲ್ಲ. ಕುಂಬೇಗೌಡನ ದನಿಯನ್ನೇ ನಲವತ್ತು ಪೆಟ್ಟಿಗೆಗಳಿಗೂ ತುಂಬಬಹುದಲ್ಲ ಎಂದು ಒಬ್ಬರು ಸಲಹೆ ಕೊಟ್ಟರು. ಅಹಲ್ಯಾ ಜಡೆಮ್ಮನನ್ನು ಕೇಳಿದರು.

"ಬೇರೆ ಕಾಡಿನ ಆನೆಗೆ ನಮ್ಮಪ್ಪ ಯಾರು ಮೇಡಂ?" ಎಂದಳು ಅವಳು. "ಆ ದನಿ ನಮ್ಮನೇಲಿರ್ಲಿ."

ಪೆಟ್ಟಿಗೆ ಈಗ ಅವಳ ಮನೆಯ ಗೋಡೆಯ ಮಾಡದಲ್ಲಿದೆ, ಅಪ್ಪನ ಬೀಡಿ ಡಬ್ಬಿಯ ಪಕ್ಕ. ಸೈಕಲ್ಲು ಸದ್ದಿಲ್ಲದೆ ಓಡುತ್ತದೆ. ಬಿದಿರುತಿರುವು ಬಂದಾಗ ಜಡೆಮ್ಮ ಮೋಟರು ಆರಿಸಿ, ಒಂದು ಕಾಲು ನೆಲಕ್ಕೂರಿ, ಬಿದಿರಿನ ಕಡೆಗೆ ಹೇಳುತ್ತಾಳೆ: "ದೊಡ್ಡಯ್ಯ, ನಾನು ಕಣಪ್ಪ, ಕುಂಬೇಗೌಡನ ಮಗಳು."