ಕಿವಿಯ ಪಕ್ಕದ ಟಕ್

“ಟಕ್!”

ಪಕ್ಕದಲ್ಲಿ ಕೂತಿದ್ದ ಕ್ಲಾಸಿನ ಅಂಜನ್ ತಿನ್ನೋದು ಬಿಟ್ಟು ತಿರುಗಿ ನೋಡಿದ. “ಏನೇ ಅದು ಸೌಂಡು? ಚಿಕ್ಕಿದಾ, ನಿನ್ನ ಬಾಯಿದಾ?”

ಪುಷ್ಪಲತಾ ಕೆನ್ನೆ ಹಿಡಿದುಕೊಂಡಳು. ಶೇಂಗಾ ಚಿಕ್ಕಿ ಕಚ್ಚಲು ಬಾಯಿ ತೆರೆದವಳಿಗೆ ಬಲಗಿವಿಯ ಮುಂದೆ ಸೂಜಿ ಚುಚ್ಚಿದ ಹಾಗಾಗಿತ್ತು. ಮೂರು ವಾರದಿಂದ ಹೀಗೇ. ಮೊದಮೊದಲು ಬರೀ ಸದ್ದು, ಈಗ ನೋವೂ ಜೊತೆಗೆ.

“ನಮ್ಮ ಮಾವಂಗೆ ಆಕಳಿಸ್ವಾಗ ದವಡೆ ಲಾಕ್ ಆಗಿತ್ತು ಗೊತ್ತಾ? ತೆರೆದ ಬಾಯಿ ತೆರೆದಂಗೇ! ಹಂಗೇ ಆಟೋದಾಗೆ ಕೂತ್ಕಂಡು ಆಸ್ಪತ್ರೆಗೆ ಹೋದ” ಅಂದ ಅಂಜನ್.

ಅವತ್ತಿನಿಂದ ಪುಷ್ಪಲತಾ ಬಾಯಿ ತೆರೆಯುವುದನ್ನೇ ಕಡಿಮೆ ಮಾಡಿದಳು. ಟೀಚರ್ ಪದ್ಯ ಓದು ಅಂದರೆ ಒಲ್ಲೆ ಅಂತ ತಲೆ ಅಲ್ಲಾಡಿಸಿದಳು. ಆಕಳಿಕೆ ಬಂದರೆ ಎರಡೂ ಕೈಯಿಂದ ಕೆನ್ನೆ ಒತ್ತಿ ಹಿಡಿದಳು. ಮನೆಯಲ್ಲಿ ಮುದ್ದೆ ಮಾಡಿದ ದಿನ ಬಚಾವು. ಅಗಿಯೋ ಗೋಜಿಲ್ಲ, ನುಂಗಿದರಾಯಿತು. ರೊಟ್ಟಿಯ ದಿನ “ಹಸಿವಿಲ್ಲವ್ವ” ಅಂದುಬಿಟ್ಟಳು.

ಅವ್ವ ನಾಗರತ್ನ ಎರಡು ದಿನ ನೋಡಿದಳು. ಮೂರನೇ ದಿನ ನೇಯುವುದು ನಿಲ್ಲಿಸಿ, ಮಗ್ಗದಿಂದ ಎದ್ದು ಬಂದಳು.

“ಬಾಯಿ ತೆಗಿ.”

ಎರಡು ಬೆರಳು ಹೋಗುವಷ್ಟು ತೆರೆಯಿತು. ಟಕ್. ಪುಷ್ಪಲತಾಳ ಕಣ್ಣಲ್ಲಿ ನೀರು.

ಶನಿವಾರ ಮಧ್ಯಾಹ್ನ ಇಬ್ಬರೂ ಚಳ್ಳಕೆರೆ ಬಸ್ ಹತ್ತಿದರು. ಮೊಳಕಾಲ್ಮೂರಿನ ಬಂಡೆಗುಡ್ಡಗಳು ಹಿಂದೆ ಸರಿದವು, ಬಯಲು ಬಂತು. ಕಿಟಕಿಯಿಂದ ಬೀಸುವ ಗಾಳಿಗೆ ಪುಷ್ಪಲತಾಗೆ ಜೊಂಪು ಹತ್ತಿತು. ಕನಸಿನಲ್ಲಿ ಊರಿನವರೆಲ್ಲ ಬಯಲಲ್ಲಿ ಬಾಯಿ ತೆರೆದು ನಿಂತಿದ್ದಾರೆ. ಗಾಳಿ ಅವರ ಬಾಯೊಳಗೆ ಹೋಗಿ ಹಾಡಾಗಿ ಹೊರಗೆ ಬರುತ್ತಿದೆ. ಅವಳ ಹತ್ತಿರ ಬಂದ ಗಾಳಿ ಮಾತ್ರ ಮುಚ್ಚಿದ ತುಟಿ ಮುಟ್ಟಿ, ಸುಮ್ಮನೆ ಮುಂದೆ ಹೋಗುತ್ತಿದೆ.

“ಏಳು, ಸ್ಟ್ಯಾಂಡ್ ಬಂತು” ಅಂದಳು ಅವ್ವ.

ಹಲ್ಲಿನ ಡಾಕ್ಟರಮ್ಮ ಸುತ್ತಿಗೆ, ಇಕ್ಕಳ ಏನೂ ತೆಗೆಯಲಿಲ್ಲ. ಪುಷ್ಪಲತಾಳ ಬೆರಳುಗಳನ್ನೇ ಹಿಡಿದು ಎರಡೂ ಕಿವಿಯ ಮುಂದೆ ಇಟ್ಟರು.

“ಈಗ ನಿಧಾನ ಬಾಯಿ ತೆಗಿ ಪುಟ್ಟಿ. ಏನಾದ್ರೂ ಓಡಾಡುತ್ತಾ?”

“ಹ್ಞೂಂ… ಏನೋ ಗುಂಡಗೆ ಐತೆ.”

“ಅದೇ ದವಡೆಯ ಕೀಲು. ಅದರೊಳಗೆ ಮೆತ್ತಗಿನ ಒಂದು ಬಿಲ್ಲೆ ಇರುತ್ತೆ. ಅದು ಸ್ವಲ್ಪ ಜಾರಿದ್ರೆ ಟಕ್ ಅನ್ನುತ್ತೆ.”

“ಲಾಕ್ ಆಗ್ತೈತಾ ಮೇಡಂ?”

“ಅದಕ್ಕೆ ಮೊದಲೇ ಬಂದಿದೀಯಲ್ಲ! ಸರಿ, ಈಗ ನಿನ್ನ ಹಲ್ಲು ಹೇಗಿದಾವೆ ಹೇಳು?”

ಪುಷ್ಪಲತಾಗೆ ಆಗಲೇ ಗೊತ್ತಾಗಿದ್ದು. ಮೇಲಿನ ಹಲ್ಲು ಕೆಳಗಿನ ಹಲ್ಲನ್ನು ಗಟ್ಟಿಯಾಗಿ ಒತ್ತಿ ಹಿಡಿದಿದ್ದವು.

“ಊಟ ಮಾಡದೇ ಇರೋವಾಗ ಹಲ್ಲು ಹಲ್ಲು ತಾಕಬಾರದು. ದಿನವೆಲ್ಲಾ ಕಚ್ಚಿ ಹಿಡಿದ್ರೆ ಕೀಲಿಗೆ ರೆಸ್ಟ್ ಎಲ್ಲಿ?” ಆಮೇಲೆ ಅವ್ವನ ಕಡೆ ತಿರುಗಿದರು. “ಎರಡು ವಾರ ಮೆತ್ತಗಿನ ಊಟ ಕೊಡ್ರಮ್ಮ. ದಿನಾ ಎರಡು ಸಲ ಬಿಸಿಬಟ್ಟೆ ಇಡಿ, ಸುಡೋಷ್ಟು ಬೇಡ. ಚಿಕ್ಕಿ, ಬಬಲ್‌ಗಮ್ ಬಂದ್.”

ಹೊರಡುವಾಗ ಇನ್ನೊಂದು ಕೆಲಸವನ್ನೂ ಹೇಳಿದರು. ಹಲ್ಲು ಕಚ್ಚಿರೋದು ಗೊತ್ತಾದಾಗಲೆಲ್ಲ ನೋಟ್‌ಬುಕ್ಕಿನಲ್ಲಿ ಒಂದು ಚುಕ್ಕಿ ಇಡಬೇಕು. ಪಕ್ಕದಲ್ಲಿ ಟೈಮು ಬರೆಯಬೇಕು.

ಗಣಿತದ ಪೀರಿಯಡ್ಡಿನಲ್ಲಿ ಪುಟ ತುಂಬಾ ಚುಕ್ಕಿ ಬೀಳುತ್ತವೆ ಅಂದುಕೊಂಡಿದ್ದಳು. ಬಿದ್ದಿದ್ದು ಎರಡೇ. ಆಟಕ್ಕೆ ಬಿಟ್ಟಾಗ ಒಂದೂ ಇಲ್ಲ. ಆದರೆ ಸಂಜೆ ಐದೂವರೆ ಆದರೆ ಸಾಕು, ಚುಕ್ಕಿಯ ಮೇಲೆ ಚುಕ್ಕಿ. ಸೋಮವಾರವೂ ಹಾಗೇ, ಮಂಗಳವಾರವೂ ಹಾಗೇ.

ಬುಧವಾರ ಅದೇ ಹೊತ್ತಿಗೆ ಹೊಸ್ತಿಲ ಮೇಲೆ ಕೂತಳು. ಬಿಸಿಲು ಹಣ್ಣಾಗಿ ಗೋಡೆ ಇಳಿಯುತ್ತಿತ್ತು. ಒಳಗೆ ಮಗ್ಗ ಲಟಪಟ ಅನ್ನುತ್ತಿತ್ತು. ಓಣಿಯ ತುದಿಯಲ್ಲಿ ಯಾರೋ ಸೈಕಲ್ ಬೆಲ್ ಹೊಡೆದರು. ಪುಷ್ಪಲತಾ ತಲೆ ಎತ್ತಿದಳು. ಹಲ್ಲು ತಾನಾಗೇ ಕಚ್ಚಿಕೊಂಡಿತು.

ಸೈಕಲ್ಲಿನಲ್ಲಿ ಬಂದಿದ್ದು ಹಾಲಿನವ.

ಮೊದಲೆಲ್ಲ ಈ ಹೊತ್ತಿಗೆ ಬರುತ್ತಿದ್ದವಳು ಅಕ್ಕ ಪವಿತ್ರ. ಸೈಕಲ್ಲನ್ನು ಗೋಡೆಗೆ ಒರಗಿಸಿ, “ಪುಷ್ಪೀ, ಟೀ ಐತೇನೇ?” ಅಂತ ಕೂಗುತ್ತಲೇ ಒಳಗೆ ಬರುತ್ತಿದ್ದಳು. ಹೋದ ತಿಂಗಳು ಅವಳು ನರ್ಸಿಂಗ್ ಓದಲು ದಾವಣಗೆರೆ ಹಾಸ್ಟೆಲ್ಲಿಗೆ ಹೋದಳು. “ಬೇಜಾರೇನೇ?” ಅಂತ ಎಲ್ಲರೂ ಕೇಳಿದ್ದರು. “ನಂಗ್ಯಾಕೆ ಬೇಜಾರು!” ಅಂದಿದ್ದಳು ಪುಷ್ಪಲತಾ. ನಿಜ ಅಂತಲೇ ಅಂದುಕೊಂಡಿದ್ದಳು.

ನೋಟ್‌ಬುಕ್ ಮಡಿಲಲ್ಲಿಟ್ಟುಕೊಂಡು ಐದೂವರೆಯ ಚುಕ್ಕಿಗಳನ್ನು ಒಂದೊಂದಾಗಿ ಎಣಿಸಿದಳು.

ಎರಡನೇ ವಾರಕ್ಕೆ ನೋವು ಅರ್ಧಕ್ಕರ್ಧ ಇಳಿಯಿತು. ಟಕ್ ಅನ್ನುವುದು ಪೂರ್ತಿ ಹೋಗಲಿಲ್ಲ, ಆದರೆ ಅದಕ್ಕೀಗ ಅವಳು ಹೆದರಲಿಲ್ಲ. ಕ್ಲಾಸಿನಲ್ಲಿ ಪದ್ಯವನ್ನೂ ಓದಿದಳು.

ಒಂದು ಸಂಜೆ ಬಿಸಿಬಟ್ಟೆ ಕೇಳಲು ಮಗ್ಗದ ಹತ್ತಿರ ಹೋದಳು. ಅವ್ವ ನೇಯುತ್ತಿದ್ದಳು. ಕಿಟಕಿಯ ಬೆಳಕಿಗೆ ನೀಲಿ ರೇಷ್ಮೆ ಕೆರೆಯ ನೀರಿನ ಹಾಗೆ ಮಿನುಗುತ್ತಿತ್ತು. ಲಾಳಿ ಆ ಕಡೆ ಹೋಗುತ್ತಿತ್ತು, ಈ ಕಡೆ ಬರುತ್ತಿತ್ತು. ಅವ್ವನ ಕೆನ್ನೆಯಲ್ಲಿ, ಕಿವಿಯ ಕೆಳಗೆ, ಸಣ್ಣ ಗಂಟೊಂದು ಏಳುತ್ತಿತ್ತು, ಇಳಿಯುತ್ತಿತ್ತು.

“ಅವ್ವ, ಹಲ್ಲು ಕಚ್ಕಂಡಿದೀಯ.”

ಮಗ್ಗ ನಿಂತಿತು. “ನಾನಾ? ಎಲ್ಲೈತೆ ಬಿಡು” ಅಂದ ಅವ್ವ ಕೆನ್ನೆ ಮುಟ್ಟಿ ನೋಡಿಕೊಂಡಳು.

“ಅಕ್ಕ ಬರೋ ಟೈಮು” ಅಂದಳು ಪುಷ್ಪಲತಾ ಮೆಲ್ಲಗೆ.

ಅವ್ವ ಬಾಗಿಲ ಕಡೆ ನೋಡಿದಳು. “ಹ್ಞೂಂ ಕಣೇ.” ಸ್ವಲ್ಪ ಸರಿದು ಹಲಗೆಯ ಮೇಲೆ ಜಾಗ ಮಾಡಿಕೊಟ್ಟಳು. “ಬಾ, ಫೋನ್ ಮಾಡಾನ.”

ದಾವಣಗೆರೆಯಲ್ಲಿ ಫೋನು ರಿಂಗ್ ಆಗುತ್ತಿತ್ತು. ಇಬ್ಬರೂ ಒಂದೇ ಫೋನಿಗೆ ಕಿವಿ ಕೊಟ್ಟು ಕೂತಿದ್ದರು. ಅವ್ವನ ಕೆನ್ನೆ ಪುಷ್ಪಲತಾಳ ಕೆನ್ನೆಗೆ ಒತ್ತಿಕೊಂಡಿತ್ತು. ಅದು ಮೆಲ್ಲಮೆಲ್ಲಗೆ ಮೆತ್ತಗಾಗುವುದು ಅವಳಿಗೆ ಗೊತ್ತಾಗುತ್ತಿತ್ತು.